ಎಣ್ಣೆಯ ಬೆಲೆಯೂ ಗಾಡಿಯ ಆಯ್ಕೆಯೂ

ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿಯನ್ನು ಹಿಡಿದು ಈಶಾನ್ಯಕ್ಕೆ ಹೊರಟರೆ ಸುಮಾರು ಒಂದು ಗಂಟೆಯ ಪ್ರಯಾಣದಲ್ಲಿ ಕಮಲಾಪುರ ಸಿಕ್ಕುತ್ತದೆ. ಕೆಂಪು ಬಾಳೆಹಣ್ಣಿನಿಂದ ಹೆಸರಾದ ಊರು ಅದು. ಬಹುಕಾಲ ಕಲಬುರಗಿ ತಾಲ್ಲೂಕಿನೊಳಗೇ ಇದ್ದು, ೨೦೧೮ರಲ್ಲಿ ತಾನೇ ಒಂದು ತಾಲ್ಲೂಕಿನ ಕೇಂದ್ರವಾಯಿತು. ಆದರೂ ದೊಡ್ಡ ಆಸ್ಪತ್ರೆ ಬೇಕಾದರೆ, ಮಕ್ಕಳಿಗೆ ಮೇಲಿನ ವಿದ್ಯೆ ಬೇಕಾದರೆ, ಅಂಗಡಿಗೆ ಸಗಟು ಸಾಮಾನು ಬೇಕಾದರೆ ಊರಿನವರು ಕಲಬುರಗಿಯ ಹಾದಿ ಹಿಡಿಯಲೇಬೇಕು. ಇತ್ತ ಕಲಬುರಗಿಯಲ್ಲಿ ಮನೆಮಾಡಿ ಕಮಲಾಪುರದ ಕಚೇರಿ ಶಾಲೆಗಳಿಗೆ ಹೋಗಿಬರುವವರೂ ಉಂಟು. ಹೀಗೆ ಈ ಒಂದು ಹಾದಿಯ ಮೇಲೆ ಬಸ್ಸು, ಲಾರಿ, ಕ್ರೂಸರು, ಟಂಟಂ, ಕಾರು, ಮೋಟಾರು ಸೈಕಲ್ಲುಗಳು ಬೆಳಗಿನಿಂದ ರಾತ್ರಿಯವರೆಗೆ ಓಡಾಡುತ್ತಲೇ ಇರುತ್ತವೆ. ಇವೆಲ್ಲಕ್ಕೂ ಆಹಾರ ಎಣ್ಣೆ. ಎಂದರೆ ಪೆಟ್ರೋಲು ಅಥವಾ ಡೀಸೆಲು. ಆ ಎಣ್ಣೆಯ ಬೆಲೆ ಏರಿದಾಗ ಈ ಹಾದಿಯಲ್ಲಿ ಏನಾಗುತ್ತದೆ, ಯಾರು ಯಾವ ಗಾಡಿಯನ್ನು ಆರಿಸುತ್ತಾರೆ, ಆ ಆಯ್ಕೆ ಸರಿಯೋ ತಪ್ಪೋ ಎಂಬುದನ್ನು ಈ ದಿನ ವಿಚಾರ ಮಾಡೋಣ.

ಎಣ್ಣೆಯ ಕಷ್ಟ ನಮ್ಮ ನಾಡಿಗೆ ಹೊಸದಲ್ಲ. ಕಲಬುರಗಿ ಹಿಂದೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಸ್ಥಾನದ ರೈಲ್ವೆಯವರು ೧೯೩೨ರಲ್ಲಿ ೨೭ ಬಸ್ಸುಗಳನ್ನೂ ೧೬೬ ಮಂದಿ ನೌಕರರನ್ನೂ ಇಟ್ಟುಕೊಂಡು ಸರ್ಕಾರಿ ಬಸ್ಸಿನ ವ್ಯವಸ್ಥೆಯನ್ನು ಆರಂಭಿಸಿದರು. ಹತ್ತು ವರ್ಷ ಕಳೆಯುವುದರೊಳಗೆ ಎರಡನೆಯ ಮಹಾಯುದ್ಧದ ಬಿಸಿ ತಟ್ಟಿತು. ೧೯೪೨ರಲ್ಲಿ ಬರ್ಮಾ ದೇಶ ಜಪಾನೀಯರ ವಶವಾಗಿ, ಅಲ್ಲಿಯ ಬಾವಿಗಳಿಂದ ಬರುತ್ತಿದ್ದ ಎಣ್ಣೆ ನಿಂತುಹೋಯಿತು. ಪೆಟ್ರೋಲಿಗೆ ಪಡಿತರ ಬಂದಿತು. ಆಗ ಇಂಡಿಯಾದ ಅನೇಕ ಕಡೆಗಳಲ್ಲಿ ಬಸ್ಸುಗಳ ಹಿಂಭಾಗಕ್ಕೆ ಒಂದು ಕಬ್ಬಿಣದ ಒಲೆಯನ್ನು ಕಟ್ಟಿ, ಇದ್ದಲಿನ ಅನಿಲದಿಂದ ಗಾಡಿಯನ್ನು ನಡೆಸಿದರು. ಇದ್ದಲನ್ನು ಸಾಕಷ್ಟು ಗಾಳಿ ಕೊಡದೆ ಉರಿಸಿದರೆ ಅದು ಪೂರ್ಣವಾಗಿ ಸುಡದೆ ಒಂದು ದಹ್ಯವಾದ ಅನಿಲವನ್ನು ಬಿಡುತ್ತದೆ. ಅದನ್ನು ತಂಪುಗೊಳಿಸಿ, ಬೂದಿಯನ್ನು ಸೋಸಿ ಯಂತ್ರಕ್ಕೆ ಬಿಟ್ಟರೆ ಗಾಡಿ ನಡೆಯುತ್ತದೆ. ಆದರೆ ಅದರ ಬಲ ಪೆಟ್ರೋಲಿನ ಬಲಕ್ಕಿಂತ ಬಹಳ ಕಡಮೆ. ಏರು ಬಂದಲ್ಲಿ ಪ್ರಯಾಣಿಕರು ಇಳಿದು ನಡೆಯಬೇಕಾಗುತ್ತಿತ್ತು. ಬೆಳಿಗ್ಗೆ ಒಲೆ ಹೊತ್ತಿಸಿ ಗಾಡಿ ಹೊರಡುವ ಹೊತ್ತಿಗೆ ಬಹಳ ಕಾಲ ಹಿಡಿಯುತ್ತಿತ್ತು. ಯುದ್ಧ ಮುಗಿದು ಪೆಟ್ರೋಲು ಮತ್ತೆ ದೊರೆಯತೊಡಗಿದ ಕೂಡಲೆ ಆ ಒಲೆಗಳನ್ನು ಜನ ಕಿತ್ತೊಗೆದರು. ಎಣ್ಣೆಯ ಅಭಾವ ಗಾಡಿಯ ಸ್ವರೂಪವನ್ನೇ ಬದಲಿಸಬಲ್ಲದು, ಆದರೆ ಆ ಬದಲಾವಣೆ ಅಭಾವವಿರುವಷ್ಟು ದಿನ ಮಾತ್ರ ಬಾಳಬಹುದು ಎಂಬ ಎರಡು ಪಾಠಗಳು ಇದರಲ್ಲಿ ಇವೆ. ಇವನ್ನು ನೆನಪಿನಲ್ಲಿಡೋಣ, ಮುಂದೆ ಬೇಕಾಗುತ್ತವೆ.

ಎಣ್ಣೆಯ ಬೆಲೆ ಏಕೆ ಏರುತ್ತದೆ? ನಮ್ಮ ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಭಾಗ ಹೊರದೇಶಗಳಿಂದ ಬರುತ್ತದೆ. ಆದಕಾರಣ ಅರಬ್ಬೀ ದೇಶಗಳ ಒಂದು ಕಲಹ ಕಮಲಾಪುರದ ಬಂಕಿನ ಹಲಗೆಯ ಮೇಲಿನ ಅಂಕಿಯನ್ನು ಬದಲಿಸಬಲ್ಲದು. ೧೯೭೩ರ ಅಕ್ಟೋಬರಿನಲ್ಲಿ ಇಸ್ರೇಲಿಗೂ ಅರಬ್ಬೀ ರಾಷ್ಟ್ರಗಳಿಗೂ ಯುದ್ಧ ನಡೆದಾಗ, ಪೀಪಾಯಿಗೆ ಸುಮಾರು ೩ ಡಾಲರು ಇದ್ದ ಕಚ್ಚಾ ಎಣ್ಣೆ ಕೆಲವೇ ತಿಂಗಳುಗಳಲ್ಲಿ ೧೨ ಡಾಲರಿನ ಹತ್ತಿರಕ್ಕೆ ಏರಿತು. ೨೦೦೮ರ ಜುಲೈಯಲ್ಲಿ ಅದು ೧೪೭ ಡಾಲರನ್ನು ಮುಟ್ಟಿತು. ಎಣ್ಣೆಯನ್ನು ಡಾಲರು ಕೊಟ್ಟು ಕೊಳ್ಳಬೇಕಾದುದರಿಂದ ರೂಪಾಯಿಯ ಬೆಲೆ ಇಳಿದರೂ ನಮಗೆ ಎಣ್ಣೆ ತುಟ್ಟಿಯಾಗುತ್ತದೆ.

ಇವೆರಡರ ಮೇಲೆ ಮೂರನೆಯದೊಂದು ಕಾರಣವುಂಟು: ತೆರಿಗೆ. ನಾವು ಬಂಕಿನಲ್ಲಿ ಕೊಡುವ ಹಣದಲ್ಲಿ ಎಣ್ಣೆಯ ಬೆಲೆ, ಶುದ್ಧೀಕರಣದ ಖರ್ಚು, ಸಾಗಣೆ, ಬಂಕಿನವರ ಕಮಿಷನ್ನುಗಳಲ್ಲದೆ ಕೇಂದ್ರ ಸರ್ಕಾರದ ಅಬಕಾರಿ ಸುಂಕವೂ ರಾಜ್ಯದ ಮಾರಾಟ ತೆರಿಗೆಯೂ ಸೇರಿವೆ. ೨೦೨೦ರಲ್ಲಿ ಸಾಂಕ್ರಾಮಿಕದ ಕಾರಣ ಲೋಕದ ಗಾಡಿಗಳೆಲ್ಲ ನಿಂತು ಕಚ್ಚಾ ಎಣ್ಣೆ ಅಗ್ಗವಾಯಿತು. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಕೇಂದ್ರವು ಲೀಟರಿಗೆ ಪೆಟ್ರೋಲಿನ ಮೇಲೆ ೧೦ ರೂಪಾಯಿ, ಡೀಸೆಲಿನ ಮೇಲೆ ೧೩ ರೂಪಾಯಿ ಸುಂಕವನ್ನು ಹೆಚ್ಚಿಸಿದುದರಿಂದ ಆ ಅಗ್ಗ ಬಂಕಿನವರೆಗೆ ಬರಲಿಲ್ಲ. ೨೦೨೧ರ ನವೆಂಬರಿನಲ್ಲಿ ಸುಂಕವನ್ನು ಪೆಟ್ರೋಲಿಗೆ ೫, ಡೀಸೆಲಿಗೆ ೧೦ ರೂಪಾಯಿಯಂತೆ ಇಳಿಸಿದರು. ಕರ್ನಾಟಕವೂ ತನ್ನ ಪಾಲಿನಲ್ಲಿ ೭ ರೂಪಾಯಿಯಷ್ಟು ಇಳಿಸಿತು. ಮರಳಿ ೨೦೨೪ರ ಜೂನಿನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿ, ಲೀಟರಿಗೆ ಸುಮಾರು ೩ ರೂಪಾಯಿ ಹೆಚ್ಚಿತು. ೨೦೨೫ರ ಏಪ್ರಿಲಿನಲ್ಲಿ ಡೀಸೆಲಿನ ಮೇಲೆ ಮತ್ತೆ ಸುಮಾರು ೨ ರೂಪಾಯಿ ಬಿದ್ದಿತು. ತೆರಿಗೆಯಿಂದ ರಸ್ತೆ, ಶಾಲೆ, ಆಸ್ಪತ್ರೆಗಳು ನಡೆಯಬೇಕೆಂಬುದು ನಿಜ. ಅದರ ನ್ಯಾಯಾನ್ಯಾಯವನ್ನು ನಾವು ಇಲ್ಲಿ ಚರ್ಚಿಸುವುದಿಲ್ಲ. ನಮಗೆ ಬೇಕಾದ ಮಾತು ಇಷ್ಟೆ: ಎಣ್ಣೆಯ ಬೆಲೆ ಒಂದು ರಾತ್ರಿಯಲ್ಲಿ ಬದಲಾಗುತ್ತದೆ, ನಾವು ಕೊಂಡ ಗಾಡಿ ಹತ್ತು ಹದಿನೈದು ವರ್ಷ ನಮ್ಮ ಅಂಗಳದಲ್ಲಿ ನಿಂತಿರುತ್ತದೆ.

ಬೆಲೆ ಏರಿದಾಗ ಮನುಷ್ಯನು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಅದಕ್ಕೆ ಉತ್ತರ ಕೊಡುತ್ತಾನೆ. ಮೊದಲನೆಯ ಹಂತದಲ್ಲಿ ಅವನು ಪ್ರಯಾಣವನ್ನು ಕಡಮೆ ಮಾಡುತ್ತಾನೆ. ಎರಡು ಸಲ ಪೇಟೆಗೆ ಹೋಗುವವನು ಒಂದೇ ಸಲ ಹೋಗಿ ಎಲ್ಲವನ್ನೂ ತರುತ್ತಾನೆ. ಭಾನುವಾರ ಬಂಧುಗಳನ್ನು ಕಾಣಲು ಹೋಗುವುದನ್ನು ಹಬ್ಬದವರೆಗೆ ಮುಂದಕ್ಕೆ ಹಾಕುತ್ತಾನೆ. ಎರಡನೆಯ ಹಂತದಲ್ಲಿ ಗಾಡಿ ನಡೆಸುವ ರೀತಿಯನ್ನು ತಿದ್ದಿಕೊಳ್ಳುತ್ತಾನೆ. ಇದರಲ್ಲಿ ನಾವು ಎಣಿಸುವುದಕ್ಕಿಂತ ಹೆಚ್ಚು ಉಳಿತಾಯವಿದೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ ವೇಗ ಇಮ್ಮಡಿಯಾದರೆ ಪ್ರತಿರೋಧ ನಾಲ್ಕು ಪಟ್ಟು. ಆದಕಾರಣ ಗಂಟೆಗೆ ೧೦೦ ಕಿಲೋಮೀಟರಿನಲ್ಲಿ ಓಡುವವನು ೮೦ರಲ್ಲಿ ಓಡುವವನಿಗಿಂತ ಒಂದೂವರೆಪಟ್ಟು ಗಾಳಿಯನ್ನು ತಳ್ಳಬೇಕು. ಚಕ್ರದಲ್ಲಿ ಗಾಳಿ ಕಡಮೆಯಿದ್ದರೆ, ಬೇಡದ ಭಾರವನ್ನು ಹೊತ್ತು ತಿರುಗಿದರೆ, ಕ್ಷಣಕ್ಷಣಕ್ಕೂ ಬ್ರೇಕು ಹಾಕಿ ಮತ್ತೆ ಓಡಿಸಿದರೆ ಎಣ್ಣೆ ಪೋಲಾಗುತ್ತದೆ. ಗಾಡಿಯೊಳಗಿನ ತಂಪಿನ ಯಂತ್ರಕ್ಕೂ ಎಣ್ಣೆಯೇ ಬೇಕು; ಆದರೆ ಏಪ್ರಿಲ್ ಮೇ ತಿಂಗಳುಗಳಲ್ಲಿ ೪೨, ೪೩ ಡಿಗ್ರಿಯ ಬಿಸಿಲಿನಲ್ಲಿ ಬೇಯುವ ಕಲಬುರಗಿಯವರಿಗೆ ಅದನ್ನು ನಿಲ್ಲಿಸಿರೆಂದು ಹೇಳುವಷ್ಟು ನಿರ್ದಯರು ನಾವಲ್ಲ.

ಮೂರನೆಯ ಹಂತ ಗಾಡಿಯನ್ನೇ ಬದಲಿಸುವುದು. ಇದು ನಿಧಾನವಾಗಿ ನಡೆಯುವ ಕೆಲಸ. ೧೯೭೩ರ ಬಳಿಕ ಅಮೆರಿಕದವರು ತಮ್ಮ ಭಾರಿ ಕಾರುಗಳನ್ನು ಬಿಟ್ಟು ಜಪಾನಿನ ಸಣ್ಣ ಕಾರುಗಳತ್ತ ತಿರುಗಲು ವರ್ಷಗಳೇ ಹಿಡಿದವು. ನಮ್ಮಲ್ಲಿ ಅಂಬಾಸಡರ್ ಮತ್ತು ಫಿಯೆಟ್ಟುಗಳನ್ನು ಬಿಟ್ಟರೆ ಆರಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದಾಗ ಸಣ್ಣ ಯಂತ್ರದ, ಹಗುರ ಮೈಯ, ಕಡಮೆ ಎಣ್ಣೆ ಕುಡಿಯುವ ಗಾಡಿಯೆಂದು ಮಧ್ಯಮವರ್ಗದವರು ಅದನ್ನು ಮೆಚ್ಚಿ ಕೊಂಡರು. ಅಂದಿನಿಂದ ‘ಲೀಟರಿಗೆ ಎಷ್ಟು ಕೊಡುತ್ತದೆ?’ ಎಂಬುದು ನಮ್ಮ ನಾಡಿನಲ್ಲಿ ಕಾರಿನ ಕುಲಗೋತ್ರವನ್ನು ವಿಚಾರಿಸುವ ಪ್ರಶ್ನೆಯಾಗಿಬಿಟ್ಟಿದೆ.

ಆ ಪ್ರಶ್ನೆ ಒಳ್ಳೆಯದೇ. ಆದರೆ ಅದೊಂದೇ ಸಾಲದು. ‘ನಾನು ತಿಂಗಳಿಗೆ ಎಷ್ಟು ಕಿಲೋಮೀಟರು ಓಡಿಸುತ್ತೇನೆ?’ ಎಂಬ ಪ್ರಶ್ನೆಯನ್ನು ಅದಕ್ಕಿಂತ ಮೊದಲು ಕೇಳಬೇಕು. ಒಂದು ಲೆಕ್ಕವನ್ನು ನೋಡೋಣ. ಇದರ ಅಂಕಿಗಳು ಅನುಕೂಲಕ್ಕಾಗಿ ನಾವು ಇಟ್ಟುಕೊಂಡವು. ಶ್ರೋತೃಗಳು ತಮ್ಮ ತಮ್ಮ ಅಂಕಿಗಳನ್ನು ಹಾಕಿ ನೋಡಬಹುದು. ಕಲಬುರಗಿಯಲ್ಲಿ ವಾಸವಾಗಿದ್ದು ಕಮಲಾಪುರದಲ್ಲಿ ಪಾಠ ಹೇಳುವ ಉಪಾಧ್ಯಾಯರೊಬ್ಬರಿದ್ದಾರೆನ್ನೋಣ. ಹೋಗಿಬರುವುದು ಊರೊಳಗಿನ ಓಡಾಟವೂ ಸೇರಿ ೮೦ ಕಿಲೋಮೀಟರು. ತಿಂಗಳಿಗೆ ೨೫ ದಿನ. ಒಟ್ಟು ೨,೦೦೦ ಕಿಲೋಮೀಟರು. ಅವರ ಪೆಟ್ರೋಲು ಕಾರು ಲೀಟರಿಗೆ ೧೬ ಕಿಲೋಮೀಟರು ಓಡಿದರೆ ತಿಂಗಳಿಗೆ ೧೨೫ ಲೀಟರು ಬೇಕು. ಲೀಟರಿಗೆ ೧೦೦ ರೂಪಾಯಿಯಂತೆ ೧೨,೫೦೦ ರೂಪಾಯಿ. ಬೆಲೆ ೫ ರೂಪಾಯಿ ಏರಿದರೆ ಅವರ ಕೈಯಿಂದ ತಿಂಗಳಿಗೆ ೬೨೫ ರೂಪಾಯಿ ಹೆಚ್ಚಾಗಿ ಹೋಗುತ್ತದೆ. ಈಗ ಕಮಲಾಪುರದಲ್ಲೇ ಇದ್ದು, ವಾರಕ್ಕೊಮ್ಮೆ ಸಾಮಾನು ತರಲು ಕಲಬುರಗಿಗೆ ಹೋಗುವ ವ್ಯಾಪಾರಿಯೊಬ್ಬರನ್ನು ತೆಗೆದುಕೊಳ್ಳೋಣ. ಅವರ ಓಡಾಟ ತಿಂಗಳಿಗೆ ೪೦೦ ಕಿಲೋಮೀಟರು. ಅದೇ ಕಾರಾದರೆ ೨೫ ಲೀಟರು. ಅದೇ ೫ ರೂಪಾಯಿಯ ಏರಿಕೆಯಿಂದ ಅವರಿಗೆ ಹೆಚ್ಚಾಗುವುದು ೧೨೫ ರೂಪಾಯಿ. ಬಂಕಿನ ಹಲಗೆಯ ಮೇಲಿನ ಅಂಕಿ ಇಬ್ಬರಿಗೂ ಒಂದೇ. ಅದರ ಪೆಟ್ಟು ಮಾತ್ರ ಒಬ್ಬರಿಗೆ ಇನ್ನೊಬ್ಬರ ಐದರಷ್ಟು.

ಇವರಿಬ್ಬರೂ ಡೀಸೆಲು ಕಾರನ್ನು ಕೊಳ್ಳಬೇಕೆಂದು ಯೋಚಿಸುತ್ತಾರೆನ್ನೋಣ. ಡೀಸೆಲು ಯಂತ್ರ ಎಣ್ಣೆಯೊಳಗಿನ ಶಕ್ತಿಯನ್ನು ಹೆಚ್ಚು ಚೆನ್ನಾಗಿ ಬಳಸಿಕೊಳ್ಳುತ್ತದೆ. ಆದರೆ ಹೆಚ್ಚು ಒತ್ತಡವನ್ನು ತಾಳಬೇಕಾದುದರಿಂದ ಅದರ ಮೈ ಗಟ್ಟಿ, ಬೆಲೆ ಹೆಚ್ಚು. ಲೀಟರಿಗೆ ೯೦ ರೂಪಾಯಿಯ ಡೀಸೆಲಿನಲ್ಲಿ ೨೦ ಕಿಲೋಮೀಟರು ಓಡಿದರೆ ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿ. ಹಿಂದೆ ಹೇಳಿದ ಪೆಟ್ರೋಲು ಕಾರಿನಲ್ಲಿ ಕಿಲೋಮೀಟರಿಗೆ ಆರೂಕಾಲು ರೂಪಾಯಿ. ಉಳಿತಾಯ ಒಂದು ಮುಕ್ಕಾಲು ರೂಪಾಯಿ. ಕೊಳ್ಳುವಾಗ ಡೀಸೆಲು ಕಾರಿಗೆ ಒಂದೂವರೆ ಲಕ್ಷ ರೂಪಾಯಿ ಹೆಚ್ಚು ಕೊಟ್ಟಿದ್ದರೆ, ಆ ಹಣ ಮರಳಿ ಬರಲು ಸುಮಾರು ೮೬,೦೦೦ ಕಿಲೋಮೀಟರು ಓಡಬೇಕು. ಉಪಾಧ್ಯಾಯರು ಮೂರೂವರೆ ವರ್ಷದಲ್ಲಿ ಅಷ್ಟು ಓಡಿಸಿಬಿಡುತ್ತಾರೆ. ವ್ಯಾಪಾರಿಗೆ ಹದಿನೆಂಟು ವರ್ಷ ಬೇಕು! ಸ್ವಂತ ಕಾರಿನ ಮೊದಲ ನೋಂದಣಿಯೇ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಎಣ್ಣೆಯನ್ನು ಉಳಿಸಲು ಹೋಗಿ ಅವರು ಹಣವನ್ನು ಕಳೆದುಕೊಂಡಂತಾಗುತ್ತದೆ.

ಇದು ಬರಿಯ ಲೆಕ್ಕದ ಮಾತಲ್ಲ. ನಮ್ಮ ದೇಶದಲ್ಲಿ ನಡೆದುಹೋದ ಸಂಗತಿ. ೨೦೧೦ರ ಜೂನಿನಲ್ಲಿ ಪೆಟ್ರೋಲಿನ ಬೆಲೆಯ ಮೇಲಿನ ಹತೋಟಿಯನ್ನು ಸರ್ಕಾರ ಬಿಟ್ಟುಕೊಟ್ಟಿತು. ಡೀಸೆಲಿನ ಹತೋಟಿಯನ್ನು ಉಳಿಸಿಕೊಂಡಿತು. ಪರಿಣಾಮವಾಗಿ ೨೦೧೨ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲು ೭೩ ರೂಪಾಯಿ ದಾಟಿದಾಗ ಡೀಸೆಲು ೪೧ ರೂಪಾಯಿಯ ಒಳಗೇ ಇದ್ದಿತು. ಮೂವತ್ತೆರಡು ರೂಪಾಯಿಯ ಈ ಅಂತರವನ್ನು ಕಂಡ ಜನ ಡೀಸೆಲು ಕಾರಿಗೆ ಮುಗಿಬಿದ್ದರು. ಆ ವರ್ಷ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ಗಾಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲಿನವೇ ಆಗಿದ್ದವು. ಆದರೆ ೨೦೧೪ರ ಅಕ್ಟೋಬರಿನಲ್ಲಿ ಡೀಸೆಲಿನ ಹತೋಟಿಯೂ ಹೋಯಿತು. ಅಂತರ ಕರಗುತ್ತ ಬಂದಿತು. ೨೦೨೦ರ ಜೂನಿನಲ್ಲಿ ದೆಹಲಿಯಲ್ಲಿ ಡೀಸೆಲು ಪೆಟ್ರೋಲಿಗಿಂತ ತುಟ್ಟಿಯಾದುದನ್ನೂ ಕಂಡೆವು. ಅದೇ ವರ್ಷದ ಏಪ್ರಿಲ್ ೧ರಿಂದ ಹೊಗೆಯ ಹೊಸ ನಿಯಮಗಳು ಜಾರಿಗೆ ಬಂದು ಡೀಸೆಲು ಯಂತ್ರ ಮತ್ತಷ್ಟು ದುಬಾರಿಯಾಯಿತು. ದೇಶದ ಅತಿ ದೊಡ್ಡ ಕಾರು ತಯಾರಕರು ಡೀಸೆಲು ಕಾರನ್ನೇ ಕೈಬಿಟ್ಟರು. ೨೦೧೨ರ ಅಂತರವನ್ನು ನಂಬಿ ಕೊಂಡ ಗಾಡಿಗೆ ಆಗ ಎಂಟೇ ವರ್ಷ. ಗಾಡಿ ಗಟ್ಟಿಯಾಗಿಯೇ ಇದ್ದಿತು. ಅದನ್ನು ಕೊಳ್ಳಲು ಇದ್ದ ಕಾರಣ ಮಾತ್ರ ಇರಲಿಲ್ಲ. ಯುದ್ಧಕಾಲದ ಇದ್ದಲೊಲೆಯ ಪಾಠವೇ ಇಲ್ಲಿ ಮತ್ತೊಮ್ಮೆ ಬಂದಿದೆ.

ಹಾಗೆಂದು ಎಲ್ಲರೂ ಬೆಲೆಯನ್ನು ನೋಡಿಯೇ ಗಾಡಿಯನ್ನು ಕೊಳ್ಳುತ್ತಾರೆಂದು ಭಾವಿಸಬಾರದು. ೨೦೨೧ರಲ್ಲಿ ಪೆಟ್ರೋಲು ನಮ್ಮ ರಾಜ್ಯದಲ್ಲಿ ನೂರು ರೂಪಾಯಿ ದಾಟಿತು. ಲೆಕ್ಕದಂತೆ ನಡೆಯುವುದಾದರೆ ಸಣ್ಣ ಕಾರುಗಳಿಗೆ ಆಮೇಲೆ ಬೇಡಿಕೆ ಹೆಚ್ಚಬೇಕಿತ್ತು. ಆದದ್ದು ಬೇರೆ. ೨೦೨೩-೨೪ರ ಹೊತ್ತಿಗೆ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ಗಾಡಿಗಳಲ್ಲಿ ಸುಮಾರು ಅರ್ಧದಷ್ಟು ಎತ್ತರದ ಮೈಯ, ಭಾರವಾದ ಎಸ್‌ಯುವಿಗಳಾಗಿದ್ದವು. ಹೊಸ ಕಾರನ್ನು ಕೊಳ್ಳಬಲ್ಲವರಲ್ಲಿ ಅನೇಕರಿಗೆ ಲೀಟರಿನ ಮೇಲಿನ ಐದು ರೂಪಾಯಿ ಗೊಣಗುವ ವಿಷಯವೇ ಹೊರತು ಆಯ್ಕೆಯನ್ನು ಬದಲಿಸುವ ವಿಷಯವಲ್ಲ. ಸಣ್ಣ ಕಾರನ್ನು ಕೊಳ್ಳುತ್ತಿದ್ದವರಾದರೋ, ಕಾರಿನ ಬೆಲೆ, ವಿಮೆ, ಎಣ್ಣೆ ಮೂರೂ ಸೇರಿ ಏರಿದುದರಿಂದ, ಮೋಟಾರು ಸೈಕಲ್ಲಿನಲ್ಲೇ ಉಳಿದರು. ಇಲ್ಲವೆ ಹಳೆಯ ಕಾರನ್ನು ಹುಡುಕಿದರು. ಬೆಲೆಯ ಏರಿಕೆ ಉಳ್ಳವನ ಗಾಡಿಯನ್ನು ಚಿಕ್ಕದು ಮಾಡುವುದಿಲ್ಲ. ಇಲ್ಲದವನ ಗಾಡಿಯ ವಯಸ್ಸನ್ನು ಹೆಚ್ಚಿಸುತ್ತದೆ.

ಬೇರೆ ಎಣ್ಣೆಗಳ ವಿಚಾರವನ್ನೂ ಸ್ವಲ್ಪ ನೋಡಬೇಕು. ಒತ್ತಿ ತುಂಬಿದ ನೈಸರ್ಗಿಕ ಅನಿಲದಿಂದ ಓಡುವ ಕಾರಿಗೆ ಕಿಲೋಮೀಟರಿನ ಖರ್ಚು ಪೆಟ್ರೋಲಿಗಿಂತ ಕಡಮೆ. ಆದರೆ ಅದರ ಸಿಲಿಂಡರು ಸಾಮಾನಿನ ಜಾಗವನ್ನು ಬಹುಮಟ್ಟಿಗೆ ನುಂಗುತ್ತದೆ. ತಾನು ಓಡಾಡುವ ಹಾದಿಯಲ್ಲಿ ಅನಿಲದ ಬಂಕು ಇದೆಯೆ, ಅಲ್ಲಿ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಮೊದಲು ನೋಡಿಕೊಂಡು ಕೊಳ್ಳುವುದು ಲೇಸು. ಕೆಲವರು ಅಡಿಗೆಮನೆಯ ಸಿಲಿಂಡರನ್ನೇ ಗಾಡಿಗೆ ಜೋಡಿಸುವ ಸಾಹಸಕ್ಕೆ ಇಳಿಯುವುದುಂಟು. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಕುಳಿತವರ ಪ್ರಾಣಕ್ಕೆ ವಿರುದ್ಧ. ಗಾಡಿಗೆಂದೇ ಮಾಡಿದ ತೊಟ್ಟಿಯಲ್ಲಿ ಇರುವ ರಕ್ಷಣೆಯ ಬಿರಟೆಗಳು ಅಡಿಗೆಮನೆಯ ಸಿಲಿಂಡರಿನಲ್ಲಿ ಇರುವುದಿಲ್ಲ.

ಕಬ್ಬಿನಿಂದಲೂ ಧಾನ್ಯದಿಂದಲೂ ಮಾಡುವ ಎಥನಾಲನ್ನು ಪೆಟ್ರೋಲಿಗೆ ಬೆರಸುವ ಪದ್ಧತಿ ಬೆಳೆದು, ೨೦೨೫ರಲ್ಲಿ ನೂರಕ್ಕೆ ಇಪ್ಪತ್ತರ ಮಟ್ಟವನ್ನು ಮುಟ್ಟಿತು. ಆಳಂದ, ಅಫಜಲಪುರಗಳ ಕಡೆಯ ಕಬ್ಬಿನ ರೈತರಿಗೆ ಇದರಿಂದ ಲಾಭವಿದೆ; ಹೊರದೇಶಕ್ಕೆ ಹೋಗುವ ಹಣವೂ ಉಳಿಯುತ್ತದೆ. ಆದರೆ ಒಂದು ಲೀಟರು ಎಥನಾಲಿನಲ್ಲಿ ಇರುವ ಶಕ್ತಿ ಪೆಟ್ರೋಲಿನದಕ್ಕಿಂತ ಸುಮಾರು ಮೂರರಲ್ಲಿ ಒಂದು ಪಾಲು ಕಡಮೆ. ಆದಕಾರಣ ಬೆರಕೆಯ ಎಣ್ಣೆಯಲ್ಲಿ ಗಾಡಿ ಲೀಟರಿಗೆ ಕೊಂಚ ಕಡಮೆ ಓಡುತ್ತದೆ. ಬಂಕಿನ ಹಲಗೆಯ ಮೇಲಿನ ಬೆಲೆ ಏರದೆ ಇದ್ದರೂ ಕಿಲೋಮೀಟರಿನ ಬೆಲೆ ಏರಬಹುದೆಂಬುದಕ್ಕೆ ಇದೊಂದು ನಿದರ್ಶನ.

ವಿದ್ಯುತ್ತಿನ ಕಾರಿನ ಲೆಕ್ಕ ಮತ್ತೊಂದು ಬಗೆಯದು. ಬ್ಯಾಟರಿಯ ಕಾರು ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ರೇವಾ ಕಾರು ೨೦೦೧ರಲ್ಲೇ ಬಂದಿತು. ಈಗಿನ ಕಾರುಗಳು ಒಂದು ಯೂನಿಟ್ಟು ವಿದ್ಯುತ್ತಿಗೆ ಆರೇಳು ಕಿಲೋಮೀಟರು ಓಡುತ್ತವೆ. ಯೂನಿಟ್ಟಿಗೆ ೭ ರೂಪಾಯಿಯೆಂದು ಹಿಡಿದರೂ ಮನೆಯಲ್ಲಿ ತುಂಬಿಸಿದರೆ ಕಿಲೋಮೀಟರಿಗೆ ಒಂದು ರೂಪಾಯಿಯ ಸುಮಾರಿಗೆ ಬರುತ್ತದೆ. ನಮ್ಮ ಉಪಾಧ್ಯಾಯರಂತೆ ದಿನವೂ ಒಂದೇ ಹಾದಿಯಲ್ಲಿ ೮೦ ಕಿಲೋಮೀಟರು ಹೋಗಿಬರುವವರಿಗೆ, ರಾತ್ರಿ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಲು ಜಾಗವಿದ್ದರೆ, ಇದು ಹೇಳಿ ಮಾಡಿಸಿದಂತಿದೆ. ಆದರೆ ಕೊಳ್ಳುವ ಬೆಲೆ ಹೆಚ್ಚು. ಅತಿಯಾದ ಬಿಸಿಲು ಬ್ಯಾಟರಿಯ ಆಯುಷ್ಯಕ್ಕೆ ಹಿತವಲ್ಲ. ನೆರಳು ಹುಡುಕಿ ನಿಲ್ಲಿಸಬೇಕು. ವಾರಕ್ಕೊಮ್ಮೆ ಹೊರಡುವ ವ್ಯಾಪಾರಿಗೆ ಇಲ್ಲಿಯೂ ಮೊದಲಿನ ಮಾತೇ ಅನ್ವಯಿಸುತ್ತದೆ: ಓಡದ ಗಾಡಿ ಉಳಿಸುವುದಿಲ್ಲ.

ಇಷ್ಟರವರೆಗೆ ನಾವು ಆಯ್ಕೆಯುಳ್ಳವರ ಮಾತನ್ನು ಆಡಿದೆವು. ಆಯ್ಕೆಯಿಲ್ಲದವನೊಬ್ಬನಿದ್ದಾನೆ. ಹುಮನಾಬಾದ್ ರಿಂಗ್ ರಸ್ತೆಯ ಬಳಿ ಬೆಳಿಗ್ಗೆ ನಿಂತು ‘ಕಮಲಾಪುರ, ಕಮಲಾಪುರ’ ಎಂದು ಕೂಗುವ ಬಾಡಿಗೆ ಗಾಡಿಯ ಚಾಲಕ. ಅವನ ಗಾಡಿ ಸಾಲದ ಮೇಲೆ ಬಂದದ್ದಾಗಿರಬಹುದು, ಅಥವಾ ಅನ್ಯರ ಕೈಯಿಂದ ಕೊಂಡ ಹಳೆಯದಾಗಿರಬಹುದು. ಎಣ್ಣೆ ತುಟ್ಟಿಯಾಯಿತೆಂದು ಬೇರೆ ಗಾಡಿಗೆ ಬದಲಿಸುವ ಶಕ್ತಿ ಅವನಿಗಿಲ್ಲ. ಅವನು ದಿನಕ್ಕೆ ಮೂರು ಸಲ ಹೋಗಿಬಂದರೆ ೨೪೦ ಕಿಲೋಮೀಟರು. ಲೀಟರಿಗೆ ೧೨ ಕಿಲೋಮೀಟರಿನಂತೆ ೨೦ ಲೀಟರು ಡೀಸೆಲು. ಬೆಲೆ ೫ ರೂಪಾಯಿ ಏರಿದರೆ ದಿನಕ್ಕೆ ನೂರು ರೂಪಾಯಿ. ತಿಂಗಳಿಗೆ ಎರಡೂವರೆ ಸಾವಿರ. ಉಪಾಧ್ಯಾಯರ ೬೨೫ ರೂಪಾಯಿ ಸಂಬಳದಿಂದ ಹೋಗುತ್ತದೆ; ಇವನ ಎರಡೂವರೆ ಸಾವಿರ ಮನೆಯ ರೊಟ್ಟಿಯಿಂದ ಹೋಗುತ್ತದೆ.

‘ಬಾಡಿಗೆಯನ್ನು ಏರಿಸಬಾರದೆ?’ ಎಂದು ಕೇಳಬಹುದು. ಏರಿಸಲಾರ. ಅದೇ ಹಾದಿಯಲ್ಲಿ ಸರ್ಕಾರಿ ಬಸ್ಸು ಓಡುತ್ತದೆ. ಅದರ ದರವೇ ಇವನ ದರಕ್ಕೆ ಮೇಲಿನ ಗೆರೆ. ಬಸ್ಸಿನ ದರ ೨೦೨೦ರಲ್ಲಿ ಏರಿದ ಬಳಿಕ ಮತ್ತೆ ಏರಿದುದು ೨೦೨೫ರ ಜನವರಿಯಲ್ಲಿ, ನೂರಕ್ಕೆ ಹದಿನೈದರಷ್ಟು. ನಡುವಣ ಐದು ವರ್ಷಗಳಲ್ಲಿ, ೨೦೨೧ರ ಅಕ್ಟೋಬರಿನಲ್ಲಿ, ರಾಜ್ಯದ ಹಲವೆಡೆ ಡೀಸೆಲೂ ನೂರು ರೂಪಾಯಿಯನ್ನು ದಾಟಿತ್ತು. ಮೇಲಾಗಿ ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯಂತೆ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತವಾಯಿತು. ಕೂಲಿಗೆ, ಸಂತೆಗೆ, ಆಸ್ಪತ್ರೆಗೆ ಹೋಗುವ ಹೆಂಗಸರಿಗೆ ಇದು ದೊಡ್ಡ ಉಪಕಾರ. ಎಣ್ಣೆಯ ಏರಿಕೆಯ ಬಿಸಿಯನ್ನು ಅವರಿಗೆ ತಟ್ಟದಂತೆ ಮಾಡಿತು. ಆದರೆ ಖಾಸಗಿ ಗಾಡಿಯವರಿಗೆ ಸವಾರಿ ಕಡಮೆಯಾಯಿತು. ಆ ವರ್ಷದ ಸೆಪ್ಟೆಂಬರ್ ೧೧ರಂದು ಬೆಂಗಳೂರಿನಲ್ಲಿ ಖಾಸಗಿ ಗಾಡಿಗಳವರು ಬಂದ್ ಮಾಡಿ ಈ ನಷ್ಟವನ್ನು ಹೇಳಿಕೊಂಡರು.

ಎಣ್ಣೆಯ ಬೆಲೆ ಅವನ ಕೈಯಲ್ಲಿಲ್ಲ, ಬಾಡಿಗೆಯ ದರ ಅವನ ಕೈಯಲ್ಲಿಲ್ಲ. ಅವನ ಕೈಯಲ್ಲಿ ಇರುವುವು ಎರಡೇ: ಗಾಡಿಗೆ ಎಷ್ಟು ಜನರನ್ನು ಹತ್ತಿಸುವುದು, ದುರಸ್ತಿಯನ್ನು ಎಷ್ಟು ದಿನ ಮುಂದೂಡುವುದು. ಆ ದಿನದ ನೂರು ರೂಪಾಯಿ ಇಬ್ಬರು ಮೂವರು ಹೆಚ್ಚಿನ ಸವಾರಿಗಳಿಂದ ತುಂಬಿಬರುತ್ತದೆ. ಆದಕಾರಣ ಚಾಲಕನ ಪಕ್ಕದಲ್ಲಿ ಒಬ್ಬರ ಜಾಗದಲ್ಲಿ ಇಬ್ಬರು, ಹಿಂದಿನ ಮೆಟ್ಟಿಲ ಮೇಲೆ ಮತ್ತೊಬ್ಬರು. ಸವೆದ ಟಯರು ಇನ್ನೊಂದು ತಿಂಗಳು ಓಡುತ್ತದೆ. ಬ್ರೇಕಿನ ಪಟ್ಟಿ ಮುಂದಿನ ಅಮಾವಾಸ್ಯೆಗೆ ನೋಡೋಣವೆಂದು ಉಳಿಯುತ್ತದೆ. ಭಾರ ಹೆಚ್ಚಿದ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಸವೆದ ಟಯರು ಆ ದೂರವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬಂಕಿನ ಹಲಗೆಯ ಮೇಲೆ ಐದು ರೂಪಾಯಿಯಾಗಿ ಕಂಡದ್ದು ಹೀಗೆ ಹೆದ್ದಾರಿಯ ಮೇಲೆ ಹತ್ತು ಹದಿನೈದು ಮಂದಿಯ ಪ್ರಾಣದ ಪ್ರಶ್ನೆಯಾಗಿ ನಿಲ್ಲುತ್ತದೆ. ಅಪಘಾತವಾದ ದಿನ ನಾವು ಚಾಲಕನ ಅಜಾಗ್ರತೆಯನ್ನು ಬಯ್ಯುತ್ತೇವೆ. ಅಜಾಗ್ರತೆ ಇಲ್ಲವೆಂದು ನಾವು ಹೇಳುವುದಿಲ್ಲ. ಅದರ ಹಿಂದೆ ಒಂದು ಲೆಕ್ಕವೂ ಇದ್ದಿತೆಂಬುದನ್ನು ಮರೆಯಬಾರದು.

ಇದಕ್ಕೆ ಪರಿಹಾರವೇನು? ಚಾಲಕನಿಗೆ ಉಪದೇಶ ಮಾಡುವುದು ಸುಲಭ, ಫಲ ಸ್ವಲ್ಪ. ಎಣ್ಣೆಯ ಬೆಲೆ ಏರಿಳಿದಂತೆ ಬಾಡಿಗೆ ಗಾಡಿಗಳ ದರವನ್ನೂ ಕಾಲಕಾಲಕ್ಕೆ ಪರಿಷ್ಕರಿಸಿ ಪ್ರಕಟಿಸುವ ಪದ್ಧತಿಯಿದ್ದರೆ, ಹೆಚ್ಚಿನ ಖರ್ಚನ್ನು ಹೆಚ್ಚಿನ ಜನರನ್ನು ತುರುಕಿ ತುಂಬಿಕೊಳ್ಳುವ ಪ್ರಮೇಯ ಕಡಮೆಯಾಗುತ್ತದೆ. ಬಸ್ಸುಗಳ ಸಂಖ್ಯೆ ಸಾಕಷ್ಟಿದ್ದರೆ ಮೆಟ್ಟಿಲ ಮೇಲೆ ನಿಂತು ಹೋಗುವ ಅವಸರ ಯಾರಿಗೂ ಇರುವುದಿಲ್ಲ. ಇನ್ನೊಂದು ಸಾಧನವೂ ಈ ಹಾದಿಗೆ ಒದಗಿದೆ. ೨೦೧೭ರ ಅಕ್ಟೋಬರಿನಲ್ಲಿ ಬೀದರ ಕಲಬುರಗಿಗಳ ನಡುವೆ ಸುಮಾರು ೧೧೦ ಕಿಲೋಮೀಟರಿನ ರೈಲುದಾರಿ ಪೂರ್ಣವಾಯಿತು. ಮರಗುತ್ತಿಯ ಬಳಿ ಗುಡ್ಡವನ್ನು ಕೊರೆದು ಸುರಂಗ ಮಾಡಿ ತಂದ ದಾರಿ ಅದು. ಕಮಲಾಪುರಕ್ಕೂ ಅದರಲ್ಲಿ ಒಂದು ನಿಲ್ದಾಣವುಂಟು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಆಗುವ ಘರ್ಷಣೆ ರಸ್ತೆಯ ಮೇಲಿನ ಟಯರಿನದಕ್ಕಿಂತ ಬಹಳ ಕಡಮೆ. ಆದಕಾರಣ ಒಬ್ಬ ಪ್ರಯಾಣಿಕನನ್ನು ಒಯ್ಯಲು ರೈಲಿಗೆ ಬೇಕಾಗುವ ಶಕ್ತಿಯೂ ಕಡಮೆ. ಕಚೇರಿ ಶಾಲೆಗಳ ಹೊತ್ತಿಗೆ ಹೊಂದುವಂತೆ ಗಾಡಿಗಳು ಓಡಿದರೆ ಎಷ್ಟೋ ಕಾರುಗಳು ಮನೆಯಲ್ಲೇ ಉಳಿದಾವು.

ಸ್ವಂತ ಗಾಡಿಯುಳ್ಳವರೂ ಮಾಡಬಹುದಾದದ್ದುಂಟು. ಒಂದೇ ಹೊತ್ತಿಗೆ ಒಂದೇ ಊರಿಗೆ ಹೋಗುವ ನಾಲ್ವರು ನಾಲ್ಕು ಕಾರುಗಳಲ್ಲಿ ಹೋಗುವ ಬದಲು, ಸರದಿಯಂತೆ ಒಂದೊಂದು ದಿನ ಒಬ್ಬರ ಕಾರಿನಲ್ಲಿ ಹೋದರೆ, ಲೀಟರಿಗೆ ೧೬ ಕೊಡುವ ಕಾರು ಲೆಕ್ಕದಲ್ಲಿ ೬೪ ಕೊಟ್ಟಂತೆ. ಯಾವ ತಯಾರಕರೂ ಅಂಥ ಕಾರನ್ನು ಇನ್ನೂ ಮಾಡಿಲ್ಲ. ನೆರೆಹೊರೆಯವರು ಮನಸ್ಸು ಮಾಡಿದರೆ ನಾಳೆಯೇ ಮಾಡಬಹುದು.

ಕೊನೆಯದಾಗಿ, ಹೊಸ ಗಾಡಿಯನ್ನು ಕೊಳ್ಳುವವರಿಗೆ ನಮ್ಮ ಬಿನ್ನಹ ಇಷ್ಟು. ಈ ದಿನದ ಎಣ್ಣೆಯ ಬೆಲೆಯನ್ನು ನೋಡಿ ಗಾಡಿಯನ್ನು ಆರಿಸಬೇಡಿ. ಅದು ನಾಳೆ ಇರುವುದಿಲ್ಲ. ಒಂದು ಚಿಕ್ಕ ಪುಸ್ತಕವನ್ನು ಗಾಡಿಯಲ್ಲಿಟ್ಟು ಮೂರು ತಿಂಗಳು ನಿಮ್ಮ ಓಡಾಟವನ್ನು ಬರೆದಿಡಿ: ಎಷ್ಟು ಕಿಲೋಮೀಟರು, ಎಷ್ಟು ಜನ, ಯಾವ ಕೆಲಸ. ಆಮೇಲೆ ಗಾಡಿಯ ಬೆಲೆ, ವಿಮೆ, ದುರಸ್ತಿ, ಎಣ್ಣೆ ಎಲ್ಲವನ್ನೂ ಕೂಡಿಸಿ, ಹತ್ತು ವರ್ಷದ ಕಿಲೋಮೀಟರುಗಳಿಂದ ಭಾಗಿಸಿ. ಎಣ್ಣೆ ಲೀಟರಿಗೆ ಹತ್ತು ರೂಪಾಯಿ ಏರಿದರೂ, ಹತ್ತು ರೂಪಾಯಿ ಇಳಿದರೂ ಯಾವ ಗಾಡಿಯ ಲೆಕ್ಕ ಕೆಡದೆ ನಿಲ್ಲುವುದೋ ಅದೇ ನಿಮ್ಮ ಗಾಡಿ. ಆ ಲೆಕ್ಕದಲ್ಲಿ ಕಾರೇ ಬೇಡವೆಂದು ತೋರಿದರೆ ಅದಕ್ಕೂ ಅಂಜಬೇಕಾದುದಿಲ್ಲ.

ಮತ್ತೆ, ಕಮಲಾಪುರದ ಹಾದಿಯಲ್ಲಿ ಬಾಡಿಗೆ ಗಾಡಿ ಹತ್ತುವ ದಿನ ಬಂದರೆ, ತುಂಬಿದ ಗಾಡಿಗೆ ಹತ್ತದೆ ಮುಂದಿನದಕ್ಕೆ ಕಾಯೋಣ. ದರ ನ್ಯಾಯವಾಗಿ ಹೆಚ್ಚಿದ್ದರೆ ಹತ್ತು ರೂಪಾಯಿಗಾಗಿ ಚಾಲಕನೊಡನೆ ಜಗಳವಾಡದಿರೋಣ. ಆ ಹತ್ತು ರೂಪಾಯಿ ಹೊಸ ಬ್ರೇಕಿನ ಪಟ್ಟಿಯಾಗಿ ನಮ್ಮನ್ನೇ ಕಾಯಬಹುದು.